ಚಂದಾ ಕಟ್ಟಿದವರಿಗೆ

ದುರ್ಗಿಗುಡಿಯ ಮೂರನೇ ತಿರುವಲ್ಲಿ ನನ್ನ ಗಾಡಿ.
ಗಾಡಿಗೊಂದು ಮೊಳೆ, ಮೊಳೆಗೊಂದು ರೇಡಿಯೊ,
ರೇಡಿಯೊದೊಳಗೆ ಹನ್ನೊಂದು ವರ್ಷ
ತೀರ್ಥೇಶ.

ಇದ್ದಿಲು ಹೊತ್ತಿಕೊಳ್ಳುವಷ್ಟರಲ್ಲಿ ಅವನೂ ಕೆಮ್ಮಿ ಶುರುಮಾಡುತ್ತಿದ್ದ.
ತಾಳಗುಪ್ಪದ ರೈಲು ಇಪ್ಪತ್ತು ನಿಮಿಷ ತಡ,
ಕೋರ್ಪಲಯ್ಯನ ಮಂಟಪ ಮುಳುಗಲು ಇನ್ನೆರಡು ಗೇಣು ಬಾಕಿ,
ಗೋಪಿ ಸರ್ಕಲ್ಲಿನಲ್ಲಿ ಒಂದು ಊರುಗೋಲು ಸಿಕ್ಕಿದೆ,
ಅದಿಲ್ಲದೆ ಮನೆಗೆ ಹೇಗೆ ಹೋದರೋ, ಬಂದು ಒಯ್ಯಲಿ.
ನಡುನಡುವೆ ಅವನ ಕುರ್ಚಿ ಕಿರ್ರೆನ್ನುತ್ತಿತ್ತು.
ಎಣ್ಣೆ ಬಿಡಿ ಮಾರಾಯ್ರೆ ಎಂದು ಭದ್ರಾವತಿಯಿಂದ ಯಾರೋ ಕಾಗದ ಬರೆದರು.
ಅದನ್ನೂ ಓದಿದ. ಎಣ್ಣೆ ಬಿಡಲಿಲ್ಲ.

ಮತ್ತೆ ಸಮಯ.
ಎಂಟೂಕಾಲು ಅಂದವನಲ್ಲ ಯಾವತ್ತೂ.
ಎಂಟು ಗಂಟೆ ಹದಿಮೂರು ನಿಮಿಷ,
ಇಸ್ತ್ರಿ ಚೌಡಕ್ಕ, ಯೂನಿಫಾರ್ಮು ಮುಗೀತಾ?
ಒಂದು ಸಲ, ಒಂದೇ ಸಲ ಹೀಗೆ ಕೇಳಿದ.
ಆವತ್ತು ಒಂದು ಕಾಲರು ಸುಟ್ಟೆ.
ಶರಟಿನವರು ಬೈಯಲಿಲ್ಲ, ಅವರೂ ಕೇಳಿದ್ದರು.

ಯುಗಾದಿಯ ಮುಂಚಿನ ಶುಕ್ರವಾರ ಹೇಳಿದ:
ಇನ್ನು ಮೇಲೆ ಉಪಗ್ರಹದಿಂದ ಸಿಗುತ್ತೇನೆ.
ಬೇರೆ ಪೆಟ್ಟಿಗೆ ಬೇಕು, ತಿಂಗಳಿಗೆ ನೂರೈವತ್ತು ಚಂದಾ,
ಜಾಹೀರಾತಿಲ್ಲ, ಗೊರಗೊರ ಇಲ್ಲ.
ಮುಂದೇನೋ ಹೇಳಹೊರಟು ನುಂಗಿಕೊಂಡ,
ಕುರ್ಚಿ ಕಿರ್ರೆಂದಿತು,
ಬನಿಯನ್ನಿನ ಜಾಹೀರಾತು ಬಂತು.

ಬೈದವರು ಬೈದರು. ಬೀಡಾ ಅಂಗಡಿಯ ಸಿದ್ಲಿಂಗ
ಉಂಡ ಮನೆಯ ಜಂತೆ ಎಣಿಸಿದ ಅಂದ.
ನಾನು ಸುಮ್ಮನಿದ್ದೆ.
ಹೋದ ವರ್ಷ ನಾನೂ ಶರಟಿಗೆ ಒಂದು ರೂಪಾಯಿ ಏರಿಸಿದವಳು.
ಅವನ ಮನೆಯ ಬಾಡಿಗೆ ಎಷ್ಟೋ, ನನಗೇನು ಗೊತ್ತು.

ನನಗೆ ತಿಳಿಯದ್ದು ಬೇರೆ.
ಮೇಲಿಂದ ಬೀಳುವುದು ಎಲ್ಲರ ಮೇಲೂ ಬೀಳುತ್ತದಂತೆ,
ಕಿಣಿ ಡಾಕ್ಟರ ಟೆರೇಸಿಗೂ ನನ್ನ ನೀಲಿ ಟಾರ್ಪಾಲಿಗೂ ಒಂದೇ ಸಮ.
ಹಾಗಾದರೆ ಈಗಲೂ, ಇಲ್ಲೇ, ಈ ಮಡಿಚಿಟ್ಟ ಪ್ಯಾಂಟುಗಳ ಮೇಲೆ
ಅವನ ಮಾತು ಬಿದ್ದಿದೆ.
ಒಂದನ್ನೆತ್ತಿ ಕೊಡವಿ ನೋಡಿದೆ.
ಬೂದಿ.

ಎದುರಿನ ಹಲ್ಲಿನ ಆಸ್ಪತ್ರೆಗೆ ಆ ಪೆಟ್ಟಿಗೆ ಬಂತು.
ಕಿಟಕಿಯಲ್ಲಿ ಹಪ್ಪಳದಗಲದ ಆಂಟೆನಾ, ಆಕಾಶ ನೋಡಿಕೊಂಡು.
ಗಾಜಿನಾಚೆ ಕೆನ್ನೆ ಊದಿದವರು ನಗುವುದು ಕಾಣುತ್ತದೆ.
ಶಾಹಿನಾ ಚಪ್ಪಲಿ ಜೋಡಿಸಲು ಬಾಗಿಲು ತೆರೆದಾಗ
ಅರ್ಧ ವಾಕ್ಯ ಮೆಟ್ಟಿಲಿಳಿಯುತ್ತದೆ:
"...ಅಂದ್ಕೊಂಡು ಎದ್ದು ನೋಡಿದ್ರೆ..."
ಬಾಗಿಲು.
ಏನು ನೋಡಿದನೋ. ಇಡೀ ದಿನ ಅದೇ ಯೋಚನೆ.

ದವಡೆ ಹಲ್ಲು ಮೂರು ತಿಂಗಳಿಂದ ನೋಯುತ್ತಿತ್ತು, ಸುಳ್ಳಲ್ಲ.
ಬುಧವಾರ ಸೀರೆ ಬದಲಿಸಿ ಹೋಗಿ ಕೂತೆ.
ಬೆಳಗಿನದನ್ನೇ ಹತ್ತಕ್ಕೆ ಇನ್ನೊಮ್ಮೆ ಹಾಕುತ್ತಾರಂತೆ.
ಅದೇ ದನಿ. ತೊಳೆದು ಗಂಜಿ ಹಾಕಿದ ಹಾಗೆ,
ಒಂದು ಸುಕ್ಕಿಲ್ಲ.
ಕುರ್ಚಿ ಬದಲಾಗಿದೆ. ಕೆಮ್ಮಿಲ್ಲ.
ರೈಲಿಲ್ಲ, ಮಂಟಪವಿಲ್ಲ, ಯಾರೂ ಏನೂ ಕಳೆದುಕೊಂಡಿಲ್ಲ.
ಗಂಟೆಯಾದರೂ ಹೇಳಿಯಾನು ಎಂದು ಕಾದೆ.
ಶಾಹಿನಾ ಅಂದಳು:
ದುಬೈಯಲ್ಲೂ ಕೇಳ್ತಾರಲ್ಲ ಚೌಡಕ್ಕ, ಅಲ್ಲಿ ಗಂಟೆ ಬೇರೆ.

ಹಲ್ಲು ಕಿತ್ತರು. ಹತ್ತಿ ಕಚ್ಚಿಕೊಂಡು ಬಂದು
ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕಿದೆ.
ಮೊಳೆಯಲ್ಲಿ ರೇಡಿಯೊ ಇದೆ ಇನ್ನೂ,
ಯಾರೋ ಹೊಸ ಹುಡುಗಿ, ಎಲ್ಲದಕ್ಕೂ ನಗುತ್ತಾಳೆ.
ಬಸ್ಸಿಗೆ ಓಡುತ್ತಿದ್ದವನೊಬ್ಬ ನಿಂತು ಕೇಳಿದ,
ಅಕ್ಕಾ, ಗಂಟೆ ಎಷ್ಟು?
ಸೊಂಟದ ಚೀಲದಿಂದ ಪಟ್ಟಿ ಹರಿದ ವಾಚು ತೆಗೆದೆ.
ಹನ್ನೊಂದೂಕಾಲು ಅನ್ನಬಹುದಿತ್ತು.
ಹನ್ನೊಂದು ಗಂಟೆ ಹನ್ನೆರಡು ನಿಮಿಷ, ಅಂದೆ,
ಮರಗಟ್ಟಿದ ಅರ್ಧ ಬಾಯಲ್ಲಿ.

ಏನಂದ್ರಿ? ಅಂದ.