ನಾಲ್ಕನೆಯ ದನಿ

ಕೊಟ್ಕಾ ಬಂದರು, ಅರವತ್ತನಾಲ್ಕರ ಫೆಬ್ರವರಿ.
ಸಮುದ್ರ ಗಟ್ಟಿಯಾಗಿ ಬಿದ್ದುಕೊಂಡಿತ್ತು;
ಅದರ ಮೇಲೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು.
ದೋಣಿ ರಿಪೇರಿಯ ಶೆಡ್ಡಿನಲ್ಲಿ, ಡಾಂಬರಿನ ವಾಸನೆಯಲ್ಲಿ,
ಕೈಗವಸಿನ ಬೆರಳು ಕತ್ತರಿಸಿಕೊಂಡು
ನಾವು ನಾಲ್ವರು ಅಲೆಯ ಸಂಗೀತ ನುಡಿಸುತ್ತಿದ್ದೆವು.

ಹಲಗೆ ಹಾಕಿ ಸವಾರಿ ಮಾಡುವಂಥ ಅಲೆ
ನಮ್ಮಲ್ಲಿ ಒಬ್ಬನೂ ಕಂಡವನಲ್ಲ.
ಉರ್ಪೊನ ಚಿಕ್ಕಪ್ಪ, ದಿಮ್ಮಿ ಹಡಗಿನ ಸುಲೊ,
ಕ್ಯಾಲಿಫೋರ್ನಿಯಾದಿಂದ ತಂದದ್ದು ಒಂದೇ ಒಂದು ರೆಕಾರ್ಡು;
ಅಂಚಿನಲ್ಲಿ ಸೀಳು, ಸುತ್ತಿಗೊಂದು ಬಿಕ್ಕಳಿಕೆ.
ಆ ಬಿಕ್ಕಳಿಕೆಯನ್ನೂ ನಾನು ತಾಳವೆಂದೇ ಕಲಿತೆ.
ಅಲೆ ಹೇಗಿರುತ್ತೆ ಎಂದು ಕೇಳಿದರೆ ಸುಲೊ
ಮೇಜುಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ
ಕೈಬಿಟ್ಟ.
"ಇಷ್ಟೇ. ಆದರೆ ಮನೆಯಷ್ಟು ಎತ್ತರ."

ಫ್ಯೂಗ್ ತಂದವನು ಓಸ್ಮೊ.
ಚರ್ಚಿನಲ್ಲಿ ಹಿಲ್ಕಾ ಆರ್ಗನ್ ನುಡಿಸುವಾಗ
ಹಾಳೆ ತಿರುವುವ ಕೆಲಸ ಅವನದು, ಭಾನುವಾರಕ್ಕೆ ಐವತ್ತು ಪೆನ್ನಿ.
ಅಂಗಿಯೊಳಗೆ ಬಚ್ಚಿಟ್ಟು ತಂದ ಹಾಳೆಗಳಲ್ಲಿ
ನಾಲ್ಕು ದನಿ, ಒಂದರ ಬಾಲ ಹಿಡಿದು ಇನ್ನೊಂದು,
ಇನ್ನೂರೈವತ್ತು ವರ್ಷದಿಂದ ಓಡುತ್ತಲೇ ಇವೆ.
ನಮ್ಮಲ್ಲಿ ಗಿಟಾರ್ ಮೂರು. ನಾನು ಡ್ರಮ್ಮಿನವ.
ಮೇಲಿಂದ ಕೆಳಗಿನವರೆಗೆ ಹುಡುಕಿದೆ:
ನನ್ನ ಹೆಸರಿಗೆ ಒಂದು ಚುಕ್ಕಿಯೂ ಇಲ್ಲ.

ಮೊದಲು ಸೋತದ್ದು ಉಸಿರಿನ ಲೆಕ್ಕದಲ್ಲಿ.
ಕೀಲಿಯ ಮೇಲೆ ಬೆರಳು ಮಲಗಿರುವಷ್ಟು ಹೊತ್ತು
ಆರ್ಗನ್ನಿನ ಕೊಳವೆ ಉಸಿರುತ್ತಲೇ ಇರುತ್ತದೆ.
ತಂತಿ ಹಾಗಲ್ಲ. ಮೀಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ.
ಉರ್ಪೊ ಅಂದ: ಹಾಗಾದರೆ ಸಾಯಗೊಡಬಾರದು.
ಮೀಟು, ಮತ್ತೆ ಮೀಟು, ಮೇಲೆ ಕೆಳಗೆ ಮೇಲೆ ಕೆಳಗೆ
ನೊಣದ ರೆಕ್ಕೆಯ ಹಾಗೆ,
ಒಂದು ಉದ್ದ ಸ್ವರಕ್ಕೆ ಮೂವತ್ತೆರಡು ಪೆಟ್ಟು.
ಓಸ್ಮೊನ ಹೆಬ್ಬೆರಳು ಒಡೆದು ರಕ್ತ ಬಂತು;
ಆ ಚಳಿಗೆ ಅದೂ ನಿಧಾನ.

ಹಳೆಯ ರೇಡಿಯೋ ಬಿಚ್ಚಿ ಮಾಡಿದ ಆಂಪ್ಲಿಫೈಯರ್,
ಅದರ ಬೆನ್ನಿಗೆ ಮಂಚದಿಂದ ಕಿತ್ತ ಎರಡು ಸ್ಪ್ರಿಂಗು.
ದನಿ ಅದರೊಳಗೆ ಹೊಕ್ಕು ಒದ್ದೆಯಾಗಿ ಹೊರಬರುತ್ತಿತ್ತು.
ಚರ್ಚು ಕಲ್ಲಿನ ಕಮಾನು ಕಟ್ಟಿ ಮಾಡುವ ಕೆಲಸವನ್ನು
ಯಾರೋ ಮಲಗಿ ಸವೆಸಿದ ಸುರುಳಿ ಮಾಡಿತು.

ನಾನು?
ದನಿಗಳು ಒಳಬರುವ ಬಾಗಿಲುಗಳನ್ನು ಎಣಿಸುತ್ತ ಕೂತಿದ್ದೆ.
ಒಂದು ದಿನ ತಡೆಯಲಾರದೆ, ಎರಡನೆಯ ದನಿ ಬರುವ ಮುನ್ನ,
ಮೇಜುಬಟ್ಟೆ ಎತ್ತಿದೆ:
ಡ್ರಮ್ಮುಗಳ ಮೇಲೆ ಎಡದಿಂದ ಬಲಕ್ಕೆ ಉರುಳಿಸಿ
ಕೈಬಿಟ್ಟೆ.
ದನಿ ಅದರ ನೆತ್ತಿಯ ಮೇಲೆ ನಿಂತು ಬಂತು.
ಬೇಸ್ ನುಡಿಸುವ ಕಾಲೆವಿ, ವಾರಕ್ಕೊಂದು ಮಾತಿನವ,
"ಇನ್ನೊಮ್ಮೆ" ಅಂದ.

ಆದರೂ ಲೆಕ್ಕ ಲೆಕ್ಕವೇ. ದನಿ ನಾಲ್ಕು, ಗಿಟಾರ್ ಮೂರು.
ಮೂರು ರಾತ್ರಿ ಜಗಳವಾಡಿ ಟೆನರನ್ನು ಬಿಟ್ಟೆವು,
ತುಂಬಿದ ಬಸ್ಸಿನಿಂದ ಒಬ್ಬನನ್ನು ಇಳಿಸಿದ ಹಾಗೆ,
ನಡುವೆ ನಿಂತವನನ್ನು, ಯಾರಿಗೂ ತಿಳಿಯದೆಂದು.

ಹಾಳೆ ಹುಡುಕಿಕೊಂಡು ಹಿಲ್ಕಾ ಬಂದಳು.
ಬೂಟಿನ ಹಿಮ ಕೊಡವಲಿಲ್ಲ, ಹಾಳೆ ಕೇಳಲಿಲ್ಲ.
ಬೋರಲು ಹಾಕಿದ ದೋಣಿಯ ಮೇಲೆ ಕೂತು
"ನುಡಿಸಿ" ಎಂದಳು.
ನುಡಿಸಿದೆವು, ತಪ್ಪೊಪ್ಪಿಕೊಳ್ಳುವವರ ಅವಸರದಲ್ಲಿ.
ಅರ್ಧದಲ್ಲಿ ಏನೋ ಗುಂಯ್ಗುಡತೊಡಗಿತು;
ವಯರು ಸಡಿಲಾಯಿತೆಂದುಕೊಂಡೆ.
ಅವಳು.
ಕಣ್ಣು ಮುಚ್ಚಿ, ತುಟಿ ಮುಚ್ಚಿ,
ನಾವು ಬಸ್ಸಿನಿಂದ ಇಳಿಸಿದವನನ್ನು
ಕೈಹಿಡಿದು ನಡೆಸಿಕೊಂಡು ಬರುತ್ತಿದ್ದಳು.

ಮುಗಿದ ಮೇಲೆ ಅಂದದ್ದು ಇಷ್ಟು:
"ಎರಡನೆಯ ಹಾಳೆ, ಮೂರನೆಯ ಸಾಲು. ಅಲ್ಲಿ ಎಫ್ ಶಾರ್ಪ್.
ಆಮೇಲೆ ಆ ಗುಡುಗು," ನನ್ನತ್ತ ಗದ್ದ ತಿರುಗಿಸಿ,
"ಅದು ಹಾಳೆಯಲ್ಲಿಲ್ಲ."
ಬಾಗಿಲ ತನಕ ಹೋಗಿ ನಿಂತು, "ಬರೆದಿಡು."

ಸ್ವರ ಬರೆಯಲು ನನಗೆ ಬರುತ್ತಿರಲಿಲ್ಲ.
ಐದು ಗೆರೆಗಳ ಕೆಳಗೆ, ಖಾಲಿ ಬಿಟ್ಟ ಜಾಗದಲ್ಲಿ,
ಮೇಜುಬಟ್ಟೆಯ ಚಿತ್ರ ಬರೆದೆ, ಎರಡು ಬೆರಳ ಸಮೇತ.

ಏಪ್ರಿಲಿನಲ್ಲಿ ಮಂಜುಗಡ್ಡೆ ಒಡೆದ ಸದ್ದಿಗೆ
ವಾದ್ಯ ಬಿಟ್ಟು ಹೊರಗೋಡಿದೆವು.
ನೀರು ಬಂಡೆಯ ತನಕ ಬಂತು, ಮೊಣಕಾಲೆತ್ತರವೂ ಇಲ್ಲ. ಹೋಯಿತು.
ಓಸ್ಮೊ ಬಾಯೊಳಗೇ ಎಣಿಸುತ್ತಿದ್ದ.