ನಿಲ್

ಕೋಳಿ ಕೂಗೋಕೆ ಮುಂಚೆ ಎಬ್ಬಿಸ್ತೀನಿ.
ಕಣ್ಣು ಬಿಡದೇನೆ, ನನ್ನ ಹೆಗಲು ಹಿಡಕೊಂಡು
ಸ್ಟೀಲ್ ಲೋಟಕ್ಕೆ ಹುಯ್ತಾನೆ ಮೋಕ್ಷಿತ,
ಅರ್ಧ ನಿದ್ದೆ, ಅರ್ಧ ಗುರಿ.
ಆ ಲೋಟಕ್ಕೆ ಅವರವ್ವ ಕೆಂಪು ದಾರ ಕಟ್ಟವಳೆ,
ಯಾರೂ ಮರೆತು ಅದರಲ್ಲಿ ಕಾಪಿ ಕುಡೀದಿರಲಿ ಅಂತ.

ಗಾಜಿನ ಕೊಳವೆ. ಮೂರರಲ್ಲಿ ಎರಡು ಪಾಲು ತುಂಬಿಸಿ
ಬುಡ ಹಿಡಿದು, ತಲೆಯನ್ನು ಮಾತ್ರ ಉರಿಗೆ ಕೊಡಬೇಕು.
ಕಲಿಸಿಕೊಟ್ಟಿದ್ದು ಮೈಸೂರಿನ ಆಸ್ಪತ್ರೆಯ ಸಿಸ್ಟರ್ ಗ್ರೇಸಿ.
ಆಕೆಗೆ ನಾನು ಹೇಳಲಿಲ್ಲ,
ಹದಿನೆಂಟು ವರ್ಷದಿಂದ ಕೊಪ್ಪರಿಗೆ ಮುಂದೆ ನಿಂತು
ಕುದಿಯೋದನ್ನ ನೋಡಿಯೇ ಬದುಕಿದೋನು ಅಂತ.
ಕಬ್ಬಿನ ಹಾಲು ಯಾವಾಗ ಮಡ್ಡಿ ಎತ್ತುತ್ತೆ,
ಸುಣ್ಣ ಎಷ್ಟು, ಉರಿ ಯಾವಾಗ ಎಳೀಬೇಕು,
ಆವಿಯ ವಾಸನೇಲೇ ಹದ ಹೇಳೋನು.
ಬೆರಳುದ್ದದ ಈ ಕೊಳವೆ ಮುಂದೆ
ಕೈ ನಡುಗ್ತದೆ.

ಮೊದಲು ಊದಿದ್ದು ಕಣ್ಣು.
ಬೆಳಿಗ್ಗೆ ರೆಪ್ಪೆ ದಪ್ಪ, ಸಂಜೆಗೆ ಸರಿ.
ಕಣಜ ಕಚ್ಚಿರಬೇಕು ಅಂದುಕೊಂಡ್ವಿ,
ಆಲೆಮನೇಲಿ ಕಣಜಕ್ಕೇನು ಬರವೇ?
ಆಮೇಲೆ ಕಾಲು. ಮೊಣಕಾಲ ಕೆಳಗೆ ಬೆರಳೊತ್ತಿದರೆ
ಗುಳಿ ಹಾಗೇ ಉಳೀತು,
ಅಚ್ಚಿಗೆ ಹುಯ್ದ ಬಿಸಿ ಬೆಲ್ಲಕ್ಕೆ ಹೆಬ್ಬೆಟ್ಟೊತ್ತಿದ ಹಾಗೆ.
"ದುಂಡುದುಂಡಗಾಗವ್ನೆ ಹೈದ" ಅಂದಳು ಪುಟ್ಟತಾಯಮ್ಮ.
ಅವತ್ತೇ ದೃಷ್ಟಿ ತೆಗೆದ್ವಿ.
ಮೆಣಸಿನಕಾಯಿ ಘಾಟೇ ಬರಲಿಲ್ಲ, ನೋಡಿ, ಆಗಿತ್ತು ಅಂದ್ರು.

ಬಚ್ಚಲಲ್ಲಿ ನೊರೆ ನಿಂತಿತ್ತು ಎಷ್ಟೋ ದಿನದಿಂದ.
ನೊರೆ ಓದೋದೇ ನನ್ನ ಕಸುಬು.
ನಮ್ಮನೆ ಬಚ್ಚಲ ನೊರೆ ನಾನು ಓದಲಿಲ್ಲ.

ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಎರಡು ಅವರೆಕಾಳು ಬರೆದರು.
"ಇವು ಸೋಸೋ ಬಟ್ಟೆ. ನೂಲು ಸಡಿಲಾಗಿದೆ,
ಒಳಗಿರಬೇಕಾದ ಸತ್ವ ನೀರಿನ ಜೊತೆ ಹೊರಟೋಗ್ತಿದೆ.
ಹೆದರಬೇಡಿ, ಬಹಳ ಮಕ್ಕಳಿಗೆ ವಾಸಿಯಾಗುತ್ತೆ.
ಆದರೆ ಹೋಗಿ ಹೋಗಿ ಬರುತ್ತೆ."
ಹೋಗಿ ಹೋಗಿ ಬರೋದು
ನಮ್ಮ ನಾಲೆ ನೀರು ಮಾತ್ರ ಅಂದುಕೊಂಡಿದ್ದೆ.

ಸಿಸ್ಟರ್ ಗ್ರೇಸಿ ನೂರು ಹಾಳೆಯ ಪುಸ್ತಕ ಕೊಟ್ಟರು.
"ದಿನಾ ಬರೀರಿ. ಮೂರು ದಿನ ಸಾಲಾಗಿ ನಿಲ್ ಬರಬೇಕು."
ಯಾರು ನಿಲ್ಲಬೇಕು ಮೇಡಂ, ಅಂದೆ.
ನಕ್ಕರು. ನಿಲ್ ಅಂದ್ರೆ ಸೊನ್ನೆ, ಏನೂ ಇಲ್ಲ ಅಂತ.
ತಲೆಯಾಡಿಸಿದೆ.
ಈಗಲೂ ಉರಿ ಮುಂದೆ ಕೂತಾಗ
ಒಳಗೊಳಗೇ ಹೇಳೋದು ಕನ್ನಡದ್ದೇ.

ಮಾತ್ರೆ ಕಹಿ. ಬಿಳೀದು, ಸಣ್ಣದು.
ನುಂಗಿದ ಮೇಲೆ ಹೊಟ್ಟೆ ತುಂಬೋದೇ ಇಲ್ಲ ಅವನಿಗೆ.
ಕೆನ್ನೆ ಉಬ್ಬಿ ಕಿವಿ ಮರೆಯಾಯ್ತು.
ಅಂಗನವಾಡೀಲಿ ಬನ್ನು ಅಂತಾರಂತೆ.
ಕೋಪ ಬಂದು ಒಂದಿನ ನನ್ನ ಸೌಟು ಎಸೆದ ನಾಲೆಗೆ.
ಉಪ್ಪು ಕಮ್ಮಿ ಅಂದಾಗಿಂದ
ಅವನೊಬ್ಬನಿಗೆ ಬೇರೆ ಯಾಕೆ ಅಂತ
ಇಡೀ ಮನೆ ಸಾರಿಗೇ ಉಪ್ಪು ಬಿಟ್ಟಳು ಇವಳು.
ಉಪ್ಪಿಗಿಂತ ರುಚಿಯಿಲ್ಲ ಅನ್ನೋ ಗಾದೇಲಿ
ಎರಡನೇ ಅರ್ಧ ಮಾತ್ರ ನಡೀತಾ ಇದೆ ನಮ್ಮನೇಲಿ.

ಯುಗಾದಿಗೆ ಮುಂಚೆ ಎರಡು ತಿಂಗಳು ನಿಲ್.
ಪುಸ್ತಕದಲ್ಲಿ ಒಂದರ ಕೆಳಗೊಂದು, ನಾಟಿ ಹಾಕಿದ ಸಾಲಿನಂಗೆ.
ಆಮೇಲೆ ಒಂದು ನೆಗಡಿ. ಬರೀ ನೆಗಡಿ.
ಕೊಳವೇಲಿ ಮೊಟ್ಟೆಯ ಬಿಳಿ ಗಟ್ಟಿಯಾಗಿ ಕೂತಿತ್ತು.
ಮೂರು ಪ್ಲಸ್ಸು. ಮಾರನೆಯ ದಿನವೂ. ಅದರ ಮಾರನೆಯ ದಿನವೂ.
ಇವಳು ಅಳಲಿಲ್ಲ. ಮೈಸೂರಿಗೆ ಹೋಗೋ ಬ್ಯಾಗು
ಬಾಗಿಲ ಹಿಂದಿನ ಗೂಟದಿಂದ ಇಳಿಸಿದಳು.

"ಅಪ್ಪಾಜಿ, ನನ್ನ ಉಚ್ಚೆ ಬೆಲ್ಲ ಆಗ್ತದಾ?"
ಇವತ್ತು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳ್ದ.
ಬೇಡ ಕಣಪ್ಪ.
ನೀರು ನೀರಾಗೇ ಇರಲಿ.

ಮೊನ್ನೆ ನಿಲ್. ನಿನ್ನೆ ನಿಲ್.
ಈಗ ಕೊಳವೆಯ ಕತ್ತಿನಲ್ಲಿ ಮಂಜಿನಂಥ ಒಂದು ಎಳೆ.
ಇದಕ್ಕೆ ಎರಡು ತೊಟ್ಟು ವಿನಿಗರ್ ಬಿಡಬೇಕು.
ಕರಗಿದರೆ ಸುಮ್ಮನೆ ಉಪ್ಪಿನಂಶ, ಕರಗದಿದ್ದರೆ ಅದೇ.
ಒಂದು ತೊಟ್ಟು.

ಆಲೆಮನೆಯಿಂದ ಕೂಗ್ತಾವ್ರೆ,
"ಅಣ್ಣೋ, ಪಾಕ ಹದಕ್ಕೆ ಬಂತು, ಬಿರ್ರನೆ ಬಾ!"

ಎರಡನೇ ತೊಟ್ಟು ಇನ್ನೂ ಬಾಟ್ಲಿಯ ಬಾಯಲ್ಲೇ ತೂಗ್ತಾ ಅದೆ.

ನಿಲ್ರೋ, ಅಂದೆ.