‘ತಂದೆ’ ಎಂಬ ಕಾಲಮ್ಮಿನಲ್ಲಿ

ಅಪ್ಪನದು ಮೇಳಿ ಹಿಡಿದ ಕೈ, ಲೇಖನಿ ನಿಲ್ಲುತ್ತಿರಲಿಲ್ಲ.
ಹಾಗಾಗಿ ಹನ್ನೊಂದನೆಯ ವಯಸ್ಸಿನಿಂದ
ತಳಿಪುಸ್ತಕ ಬರೆದವಳು ನಾನು, ಯೂಫೀಮಿಯಾ ಡಾಲ್ಗ್ಲೀಷ್,
ಸೌತ್‌ಲೆಂಡಿನ ಜೌಗು ಬಸಿದು ಮಾಡಿದ ಹೊಲದ ಮನೆಯಲ್ಲಿ,
ರೊಟ್ಟಿಯ ಹಿಟ್ಟು ಒರೆಸಿದ ಮೇಜಿನ ಮೇಲೆ.

ಕಪ್ಪು ರಟ್ಟು. ಐದು ಕಾಲಮ್ಮು.
ಹೆಸರು, ಬಣ್ಣ, ಈದ ದಿನ, ತಾಯಿ, ತಂದೆ.
ತಾಯಿಯ ತಾಯಿ, ಅವಳ ತಾಯಿ, ಹೀಗೆ ಹಿಂದೆ ಹಿಂದೆ ಸರಿದು
ಹಡಗು ಹತ್ತಿ, ಕಡಲು ದಾಟಿ
ಕ್ಲೈಡ್ ಹೊಳೆಯ ದಂಡೆಯಲ್ಲಿ ನಿಲ್ಲುತ್ತಿತ್ತು
ಒಂದೊಂದು ಹೆಣ್ಣುಕುದುರೆಯ ರಕ್ತ.
ನದಿಮೂಲ ಋಷಿಮೂಲ ಕೇಳದಿದ್ದರೂ ನಡೆದೀತು,
ಕುದುರೆಮೂಲ ಕೇಳದೆ ನಮ್ಮಲ್ಲಿ
ಯಾರೂ ಚೀಲದ ಬಾಯಿ ಬಿಚ್ಚುತ್ತಿರಲಿಲ್ಲ.

ಅಮ್ಮನ ಅಜ್ಜಿಯ ಹೆಸರು ಕೇಳಿದ್ದೆ ಒಮ್ಮೆ.
“ಜೀನ್ ಇರಬೇಕು. ಇಲ್ಲಾ ಜಾನೆಟ್,” ಎಂದಳು ಅಮ್ಮ,
ಒಲೆಯ ಬೂದಿ ಕೆದಕುತ್ತ.

ಅಕ್ಟೋಬರಿನ ವಸಂತಕ್ಕೆ ಬರುತ್ತಿದ್ದ ವ್ಯಾಟಿ ರಾಂಕಿನ್,
ಒಂದು ಟನ್ನಿನ ಗ್ಲೆನ್‌ಫಾಲೋ ಬ್ಯಾರನ್ನನನ್ನು
ಒಂದೇ ಹಗ್ಗದಲ್ಲಿ ನಡೆಸಿಕೊಂಡು.
ಬಾಲಕ್ಕೆ ಕೆಂಪು ರಿಬ್ಬನ್ನು,
ಗೊರಸು ಮುಚ್ಚುವ ಬಿಳಿ ಜೂಲಿಗೆ ಮರದ ಹೊಟ್ಟು.
ಸೋಮವಾರ ಒಂದು ಹಟ್ಟಿ, ಮಂಗಳವಾರ ಇನ್ನೊಂದು.
ಹಾಯಿಸಿದ್ದಕ್ಕೆ ಮೂರು ಗಿನಿ, ಗಬ್ಬ ನಿಂತರೆ ಮತ್ತೊಂದು.
“ಹೆಣ್ಣುಮಕ್ಕಳು ಒಳಗೆ!”
ನಾನು ಒಳಗೇ ಇರುತ್ತಿದ್ದೆ, ಕಿಟಕಿಯ ಬಳಿ.
ತಾರೀಖು ಬರೆಯಬೇಕಲ್ಲ.

ನೇಗಿಲು ಹಿಡಿಯಲು ಬರುತ್ತಿದ್ದ ಹೊರೊಮೊನಾ
ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ,
ಲೇಡಿ ಮಾರ್ಜರಿಯ ಏಳು ತಲೆ ನಾನು ಓದುವುದನ್ನು.
“ನಮ್ಮಲ್ಲೂ ಹೀಗೇ,” ಎಂದ. “ಮೊದಲು ಬೆಟ್ಟ,
ಆಮೇಲೆ ಹೊಳೆ, ಆಮೇಲೆ ಮನುಷ್ಯರು.”
“ಎಲ್ಲಿ ಬರೆದಿಟ್ಟಿದ್ದೀರಿ?”
ಅವನು ನಮ್ಮ ಅಡುಗೆಮನೆಯ ನೆಲ ನೋಡಿದ,
ಹಲಗೆಯ ಸಂದಿನೊಳಗೆ, ಬಹಳ ಹೊತ್ತು.
ಆಮೇಲೆ ಕೂಲಿ ಎಣಿಸಿಕೊಂಡು ಹೋದ.

ಆ ನವೆಂಬರಿನ ಗಾಳಿಗೆ ಬೇಲಿ ಬಿತ್ತು.
ಅಪ್ಪ ಗೋರ್ ಪೇಟೆಗೆ ಹೋಗಿದ್ದ.
ನಸುಕಿನಲ್ಲಿ ಹಾಲು ಕರೆಯಲು ಹೋದವಳು ಕಂಡೆ,
ಬೆದೆಗೆ ಬಂದ ಮಾರ್ಜರಿಯ ಪಕ್ಕ ಟಿಂಕರ್.
ಐರಿಷ್ ವಿಧವೆ ಹೆಗಾರ್ಟಿಯ ಗಾಡಿಕುದುರೆ,
ಮೋಟು ಬಾಲ, ಒಂದು ಕಣ್ಣು ನೀಲಿ,
ಬೀಜ ಒಡೆಸಲು ಐದು ಷಿಲಿಂಗ್ ಇಲ್ಲದೆ
ಗಂಡಾಗಿಯೇ ಉಳಿದವನು.
ಒಂದೇ ಹುಲ್ಲಿನ ಗುಡ್ಡೆ ಮೇಯುತ್ತಿದ್ದರು ಇಬ್ಬರೂ,
ಇಪ್ಪತ್ತು ವರ್ಷ ಸಂಸಾರ ಮಾಡಿದವರ ಹಾಗೆ.

ಅವನನ್ನು ಅಟ್ಟಿದೆ. ಕಂಬ ನೆಟ್ಟೆ.
ವಾರದ ಮೇಲೆ ಬಂದ ಬ್ಯಾರನ್ನನಿಗೆ ಮಾರ್ಜರಿ ಒದ್ದಳು,
ಮೂರು ಸಲ, ಹಲ್ಲು ಕಿರಿದು.
ವ್ಯಾಟಿ ಗಿನಿ ಜೇಬಿಗಿಳಿಸಿ ನನ್ನತ್ತ ನೋಡಿದ:
“ಆಯಿತು ಅಂತಲೇ ಬರಿ ಮಗೂ.”

ಹನ್ನೊಂದು ತಿಂಗಳು ನಾನು ನಿದ್ದೆಗೆಟ್ಟೆ.
ಮರಿ ಬಿದ್ದ ರಾತ್ರಿ ಲಾಟೀನು ಹಿಡಿದವಳೂ ನಾನೇ.
ಕಂದು ಮೈ, ನಾಲ್ಕೂ ಕಾಲು ಬಿಳಿ.
ನಾನು ಮೊದಲು ನೋಡಿದ್ದು ಕಣ್ಣು.
ಎರಡೂ ಕಪ್ಪು. ಎರಡೂ ಕಪ್ಪು, ದೇವರೇ.
“ಬ್ಯಾರನ್ನನದೇ ಮೂಗು!” ಎಂದ ಅಪ್ಪ,
ಸಂತೋಷಕ್ಕೆ ಅದಕ್ಕೆ ನನ್ನ ಹೆಸರಿಟ್ಟ.

ಮೂರನೆಯ ವರ್ಷ ಇನ್ವರ್‌ಕಾರ್ಗಿಲ್ಲಿನ ಪ್ರದರ್ಶನದಲ್ಲಿ
ಯೂಫೀಮಿಯಾಳಿಗೆ ಮೊದಲ ಬಹುಮಾನ.
ಕಟಕಟೆಗೆ ಒರಗಿ ಪೆಪ್ಪರ್‌ಮಿಂಟು ಚೀಪುತ್ತಿದ್ದ
ಹೆಗಾರ್ಟಿ ನನ್ನ ಕಿವಿಯ ಬಳಿ ಬಾಗಿದಳು:
“ನಡಿಗೆ ಚೆನ್ನಾಗಿದೆ. ಅಪ್ಪನದೇ.”
ಅತ್ತ ಟಿಂಕರ್ ಆಲೂಗಡ್ಡೆ ಗಾಡಿಗೆ ಹೂಡಿಸಿಕೊಂಡು
ನಿಂತಲ್ಲೇ ನಿದ್ದೆ ಹೋಗಿದ್ದ.

ಅವಳ ಮಕ್ಕಳು ಮೊಮ್ಮಕ್ಕಳು ಅರ್ಧ ಜಿಲ್ಲೆ ಉತ್ತರು,
ಟ್ರ್ಯಾಕ್ಟರು ಬರುವವರೆಗೆ.
ಪುಸ್ತಕ ಇನ್ನೂ ನನ್ನ ಬಳಿಯೇ ಇದೆ.
ಮೂವತ್ತೊಂದನೆಯ ಪುಟ, ‘ತಂದೆ’ ಎಂಬ ಕಾಲಮ್ಮು:
ದುಂಡಗೆ ಬರೆದ ಬ್ಯಾರನ್ನನ ಹೆಸರಿನ ಹಿಂದೆ
ನೀಲಿ ಮಸಿಯ ಒಂದು ಚುಕ್ಕೆ.
ಅಲ್ಲಿ ಲೇಖನಿ ತಡೆದಿತ್ತು.
ನೋಡಿದವರು ಯಾರಾದರೂ
ನೊಣದ ಹಿಕ್ಕೆ ಎಂದುಕೊಳ್ಳಲಿ.